ಒಡವೆಯ ಬೆನ್ನು ತಿರುಗಿಸಿ ನೋಡಿ: ಹಳೆಯ ಜೂನಿ ಆಭರಣಕ್ಕೆ ಬೆಲೆ ಕಟ್ಟುವುದು

(ಅಮೆರಿಕದ ಫೀನಿಕ್ಸ್ ಊರಿನಲ್ಲಿ ಕನ್ನಡಿಗರು ಸೇರಿದ್ದ ಒಂದು ಭಾನುವಾರ ಮಧ್ಯಾಹ್ನ ಆಡಿದ ಮಾತಿನ ಬರಹ ರೂಪ. ಕೈಯಲ್ಲಿ ಹಿಡಿದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಮೂಲನಿವಾಸಿಗಳಾದ ಜೂನಿ ಜನರು ಮಾಡಿದ ಹಳೆಯ ಒಡವೆಗಳಿಗೆ ಬೆಲೆ ಕಟ್ಟುವುದು ನನ್ನ ಕೆಲಸ. ಮಾತು ಶುರು ಮಾಡುವ ಮೊದಲು ಈ ಜೂನಿ ಬ್ರೋಚನ್ನು, ಅಂದರೆ ಬಟ್ಟೆಗೆ ಸಿಕ್ಕಿಸುವ ಒಡವೆಯನ್ನು, ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಲಿ. ನಿಧಾನವಾಗಿ ನೋಡಿ. ನಡುವೆ ಒಂದು ನೀಲಿ ಕಲ್ಲು. ಅದರ ಸುತ್ತ ಮೂರು ಸುತ್ತು ಸಣ್ಣ ಸಣ್ಣ ಕಲ್ಲುಗಳು. ಒಂದೊಂದೂ ಅಕ್ಕಿ ಕಾಳಿನಷ್ಟೇ ಇದೆ, ಎರಡೂ ತುದಿ ಚೂಪು. ನಾನು ಎಣಿಸಿದ್ದೇನೆ, ಒಟ್ಟು 73 ಕಲ್ಲು. ಪ್ರತಿ ಕಲ್ಲಿಗೂ ಬೇರೆ ಬೇರೆ ಬೆಳ್ಳಿಯ ಗೂಡು.

ಮುಂದಿನ ಸಾಲಿನಲ್ಲಿ ಕೂತ ಅಮ್ಮ ಆಗಲೇ ಕೇಳಿಬಿಟ್ಟರು: "ಎಷ್ಟು ಗ್ರಾಂ ಇದೆಯಮ್ಮಾ?"

ಅಮ್ಮ, ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ನಾನು ಅಕ್ಕಸಾಲಿಗಳ ಮನೆಯಲ್ಲಿ ಹುಟ್ಟಿದವಳು. ಅಪ್ಪನ ಅಂಗಡಿಯಲ್ಲಿ ಮೊದಲು ತಕ್ಕಡಿ, ಆಮೇಲೆ ಒರೆಗಲ್ಲು, ಆಮೇಲೆ ಮಾತು. ಇವತ್ತಿನ ದರ ಇಷ್ಟು, ತೂಕ ಇಷ್ಟು, ವೇಸ್ಟೇಜ್ ಇಷ್ಟು, ಕೂಲಿ ಇಷ್ಟು. ಲೆಕ್ಕ ಮುಗೀತು. ಆ ಲೆಕ್ಕವನ್ನೇ ಇಟ್ಟುಕೊಂಡು ನಾನು ನ್ಯೂ ಮೆಕ್ಸಿಕೋಗೆ ಬಂದೆ. ಈ ಬ್ರೋಚು 14 ಗ್ರಾಂ ತೂಗುತ್ತದೆ. ಬೆಳ್ಳಿ ಕರಗಿಸಿ ಮಾರಿದರೆ ಬರುವ ಹಣದಲ್ಲಿ ನಾಲ್ಕು ಜನ ಹೋಟೆಲಿನಲ್ಲಿ ಹೊಟ್ಟೆ ತುಂಬ ಊಟ ಮಾಡಲು ಆಗುವುದಿಲ್ಲ. ಇಲ್ಲಿ ಕೂಲಿಯೇ ಬೆಲೆ. ಯಾರ ಕೂಲಿ, ಯಾವ ಕಾಲದ ಕೂಲಿ ಅನ್ನುವುದೇ ನನ್ನ ಕೆಲಸದ ದೊಡ್ಡ ಪ್ರಶ್ನೆ.

ನಿಮ್ಮಲ್ಲಿ ಬಹಳ ಜನ ಗ್ರ್ಯಾಂಡ್ ಕ್ಯಾನಿಯನ್, ಸ್ಯಾಂಟಾ ಫೇ ಕಡೆಗೆ ಹೋಗುವಾಗ ದಾರಿಯಲ್ಲಿ ಇಂಥ ಒಡವೆ ಕೊಂಡಿದ್ದೀರಿ. ಕೆಲವರು ಇವತ್ತು ಡಬ್ಬಿಯಲ್ಲಿ ತಂದೂ ಇದ್ದೀರಿ. ಆದರೆ ಜೂನಿ ಊರಿಗೆ ಹೋದವರು ಕಡಿಮೆ ಅಂತ ಕಾಣುತ್ತದೆ. ಆಲ್ಬುಕರ್ಕಿಯಿಂದ ಪಶ್ಚಿಮಕ್ಕೆ ಹೊರಟರೆ ಗ್ಯಾಲಪ್ ಸಿಗುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆಯ ದಾರಿ. ಅರಿಜೋನಾ ಗಡಿಯ ಹತ್ತಿರ, ಕೆಂಪು ಬಂಡೆಯ ದೊಡ್ಡ ಬೆಟ್ಟದ ಪಕ್ಕದಲ್ಲಿ ಊರು. ಅಲ್ಲಿನ ಜನ ತಮ್ಮನ್ನು ಆಶಿವಿ ಅಂತ ಕರೆದುಕೊಳ್ಳುತ್ತಾರೆ. ಅವರ ಮಾತಿಗೂ ಸುತ್ತಲಿನ ಯಾವ ಭಾಷೆಗೂ ನಂಟಿಲ್ಲ. ಭಾಷಾ ಪಂಡಿತರು ಅದನ್ನು ಒಂಟಿ ಭಾಷೆ ಅನ್ನುತ್ತಾರೆ. ಆ ಊರಿನ ಬಹಳಷ್ಟು ಮನೆಗಳಲ್ಲಿ ಇವತ್ತಿಗೂ ಕಲ್ಲು ಉಜ್ಜುವ ಚಕ್ರ ತಿರುಗುತ್ತಲೇ ಇರುತ್ತದೆ. ಗಂಡ ಬೆಳ್ಳಿ ಕೆಲಸ ಮಾಡಿದರೆ ಹೆಂಡತಿ ಕಲ್ಲು ಕತ್ತರಿಸುತ್ತಾಳೆ. ಇನ್ನೊಂದು ಮನೆಯಲ್ಲಿ ಇದು ತಿರುಗುಮುರುಗು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜೂನಿಗಳಿಗೆ ಬೆಳ್ಳಿ ಹೊಸದು, ಕಲ್ಲು ಹಳೆಯದು. ಹಾವಿಕು ಅಂತ ಅವರ ಪೂರ್ವಜರ ಹಳ್ಳಿ ಇತ್ತು. 1540ರಲ್ಲಿ ಸ್ಪೇನಿನ ಕೊರೊನಾಡೊ ಸೈನ್ಯ ತಂದು ಮುತ್ತಿದ ಹಳ್ಳಿ ಅದು. 1917ರಿಂದ 1923ರವರೆಗೆ ಅಲ್ಲಿ ಅಗೆತ ನಡೆಯಿತು. ಸಿಕ್ಕಿದ ವಸ್ತುಗಳಲ್ಲಿ ಕೂದಲಿಗೆ ಸಿಕ್ಕಿಸುವ ಬಾಚಣಿಗೆಗಳೂ ಇದ್ದವು. ಅವುಗಳ ಮೇಲೆ ನೀಲಿ ಕಲ್ಲು, ಜೆಟ್ ಅನ್ನುವ ಕಪ್ಪು ಕಲ್ಲಿನ ಚೂರುಗಳನ್ನು ಒತ್ತೊತ್ತಾಗಿ ಅಂಟಿಸಿದ್ದರು. ಇದಕ್ಕಿಂತ ಹಳೆಯದು ನ್ಯೂ ಮೆಕ್ಸಿಕೋದ ಚಾಕೊ ಕಣಿವೆಯಲ್ಲಿರುವ ಪ್ವೆಬ್ಲೊ ಬೊನಿಟೊ ಅನ್ನುವ ಪಾಳು ಬಿದ್ದ ಹಳೆಯ ಊರಿನಲ್ಲಿ 1897ರಲ್ಲಿ ಸಿಕ್ಕಿದ ಜೆಟ್ ಕಪ್ಪೆ. ಅದರ ಕಣ್ಣುಗಳು ನೀಲಿ ಕಲ್ಲಿನವು. ಬೆಳ್ಳಿಯ ಹೆಸರೇ ಇಲ್ಲದ ಕಾಲ ಅದು.

ಬೆಳ್ಳಿ ಬಂದದ್ದು 1870ರ ದಶಕದಲ್ಲಿ. ನವಾಹೊ ಅಂದರೆ ಅಕ್ಕಪಕ್ಕದ ಇನ್ನೊಂದು ಮೂಲನಿವಾಸಿ ಜನಾಂಗ. ಅಟ್ಸಿಡಿ ಚೋನ್ ಅನ್ನುವ ನವಾಹೊ ಅಕ್ಕಸಾಲಿ ಜೂನಿಗೆ ಬಂದು ಉಳಿದುಕೊಂಡ. ಲನ್ಯಾಡೆ ಅನ್ನುವ ಜೂನಿ ಅವನಿಂದ ಕೆಲಸ ಕಲಿತ. 1890ರ ಸುಮಾರಿಗೆ ಬೆಳ್ಳಿಯ ಮೇಲೆ ಕಲ್ಲು ಕೂರಿಸುವುದು ಶುರುವಾಯಿತು. ಹಾಗಾಗಿ ಒಂದು ಒಡವೆ ನವಾಹೊದೋ ಜೂನಿಯದೋ ಅಂತ ತಿಳಿಯದೇ ಹೋದರೆ ನಾನು ಮೊದಲು ಕಣ್ಣು ಅರೆಮುಚ್ಚಿ ನೋಡುತ್ತೇನೆ. ಬೆಳ್ಳಿ ಮುಂದೆ ಬಂದು ನಿಂತರೆ, ಅದರ ಮೇಲಿನ ಅಚ್ಚು, ತಿರುವು ಎದ್ದು ಕಂಡರೆ ನವಾಹೊ ಕಡೆಗೆ ವಾಲುತ್ತೇನೆ. ಕಲ್ಲು ಮುಂದೆ ಬಂದು, ಬೆಳ್ಳಿ ಸುಮ್ನೆ ಹಿಡಿದುಕೊಂಡು ನಿಂತಿದ್ದರೆ ಜೂನಿ ಅನ್ನಿಸುತ್ತದೆ. ಇದು ಮೊದಲ ಊಹೆ ಅಷ್ಟೇ. ಊಹೆಯ ಮೇಲೆ ಸಹಿ ಹಾಕಬಾರದು.

ಇನ್ಲೇ ಅನ್ನುವುದನ್ನು ನಮ್ಮವರಿಗೆ ವಿವರಿಸುವುದು ಸುಲಭ. ಮೈಸೂರಿನ ಬೀಟೆ ಮರದ ಕೆಲಸ ನೋಡಿದ್ದೀರಲ್ವಾ? ಮರದಲ್ಲಿ ತೋಡಿ, ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ನವಿಲು ಮಾಡಿರುತ್ತಾರೆ. ಜೂನಿ ಕೆಲಸದಲ್ಲಿ ಮರದ ಬದಲು ನೀಲಿ ಕಲ್ಲು, ಹವಳ, ಜೆಟ್, ಮುತ್ತಿನ ಚಿಪ್ಪು. ನೀಲಿ ಕಲ್ಲು ಅಂದರೆ ಟರ್ಕಾಯಿಸ್, ನಮ್ಮ ಹರಳಿನ ಅಂಗಡಿಯವರು ಫಿರೋಜಾ ಅನ್ನುತ್ತಾರೆ. ಹವಳಕ್ಕಿಂತ ಮೊದಲಿನಿಂದ ಬಳಸುತ್ತಿದ್ದ ಕೆಂಪು, ಕಿತ್ತಳೆ ಬಣ್ಣದ ಮುಳ್ಳು ಚಿಪ್ಪು ಕೂಡ ಇದೆ, ಸ್ಪೈನಿ ಆಯ್ಸ್ಟರ್ ಅಂತ.

ಕೂರಿಸುವ ರೀತಿ ಬೇರೆ ಬೇರೆ. ಹಳೆಯದು ಮೊಸಾಯಿಕ್. ಕಲ್ಲಿನ ಪಕ್ಕ ಕಲ್ಲು, ನಡುವೆ ಲೋಹ ಇಲ್ಲ. ಆಮೇಲೆ ಬಂದದ್ದು ಚಾನೆಲ್. ತೆಳು ಬೆಳ್ಳಿ ಪಟ್ಟಿಗಳನ್ನು ನಿಲ್ಲಿಸಿ ಬೆಸುಗೆ ಹಾಕಿ, ಒಂದೊಂದು ಕೋಣೆಗೂ ಒಂದೊಂದು ಕಲ್ಲು ಕತ್ತರಿಸಿ ಇಟ್ಟು, ಕೊನೆಗೆ ಕಲ್ಲನ್ನೂ ಬೆಳ್ಳಿಯನ್ನೂ ಒಟ್ಟಿಗೆ ಸಮಕ್ಕೆ ಉಜ್ಜುತ್ತಾರೆ. ಬೆರಳು ಆಡಿಸಿದರೆ ಗಾಜಿನ ಹಾಗೆ ನುಣುಪು. ಈಗ ನಿಮ್ಮ ಕೈಯಲ್ಲಿರುವ ಬ್ರೋಚಿನದು ನೀಡಲ್‌ಪಾಯಿಂಟ್. ಕಲ್ಲು ಸ್ವಲ್ಪ ದುಂಡಗೆ, ಹನಿಯ ಹಾಗಿದ್ದರೆ ಪೆಟಿ ಪಾಯಿಂಟ್. ಸಾಸಿವೆಯಂಥ ಗುಂಡು ಕಲ್ಲಿದ್ದರೆ ಸ್ನೇಕ್ ಐ, ಹಾವಿನ ಕಣ್ಣು.

ಒಂದು ಎಚ್ಚರಿಕೆ. ನೀಲಿ ಕಲ್ಲಿನ ಸಣ್ಣ ಚೂರು, ಪುಡಿಯನ್ನು ಅಂಟಿನಲ್ಲಿ ಕಲಸಿ ಗುಂಡಿಗೆ ತುಂಬಿ ಉಜ್ಜಿದ ಒಡವೆಗಳು 1970ರ ದಶಕದಲ್ಲಿ ಬಹಳ ಬಂದವು. ಚಿಪ್ ಇನ್ಲೇ ಅನ್ನುತ್ತಾರೆ. ಅದು ಹೆಚ್ಚಾಗಿ ನವಾಹೊ ಕೆಲಸ. ಇನ್ಲೇ ಅನ್ನುವ ಒಂದೇ ಮಾತು ಹಿಡಿದು ಅದನ್ನೂ ಜೂನಿ ಅಂತ ಮಾರುತ್ತಾರೆ. ಎರಡರ ಶ್ರಮಕ್ಕೂ ಬೆಲೆಗೂ ಅಜಗಜಾಂತರ.

ಈಗ ಹೆಸರಿನ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಎಡವಿದ್ದು ಇಲ್ಲೇ.

ಸುಮಾರು 1970ರವರೆಗೆ ಜೂನಿ ಕೆಲಸಗಾರರಲ್ಲಿ ಹೆಚ್ಚಿನವರು ಒಡವೆಯ ಮೇಲೆ ಹೆಸರು ಹಾಕುತ್ತಿರಲಿಲ್ಲ. ವ್ಯಾಪಾರಿ ಕೊಳ್ಳುತ್ತಿದ್ದ, ಹೊರಗೆ ಮಾರುತ್ತಿದ್ದ. ಆ ವ್ಯಾಪಾರಿಗಳಲ್ಲಿ ದೊಡ್ಡ ಹೆಸರು ಸಿ. ಜಿ. ವಾಲೆಸ್. ಹತ್ತಾರು ವರ್ಷ ಜೂನಿಯಲ್ಲಿದ್ದ, ಅವರ ಭಾಷೆ ಕಲಿತಿದ್ದ. ಯಾರ ಕೈಯಲ್ಲಿ ಏನಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಆಲ್ಬುಕರ್ಕಿಯ ಹಳೆಯ ರೂಟ್ 66ರ ಮೇಲೆ 1939ರಲ್ಲಿ ಕಟ್ಟಿದ ಡಿ ಆಂಜಾ ಮೋಟರ್ ಲಾಡ್ಜ್ ಕೂಡ ಅವನದೇ. ತನ್ನ ಸಂಗ್ರಹದ ಒಂದು ಭಾಗವನ್ನು ಇದೇ ಫೀನಿಕ್ಸಿನ ಹರ್ಡ್ ಮ್ಯೂಸಿಯಂಗೆ ಕೊಟ್ಟ. ಉಳಿದದ್ದರಲ್ಲಿ ಬಹುಪಾಲನ್ನು 1975ರ ನವೆಂಬರಿನಲ್ಲಿ ಸೋದಬೀ ಪಾರ್ಕ್ ಬರ್ನೆಟ್ ಅನ್ನುವ ಹರಾಜು ಸಂಸ್ಥೆ ಹರಾಜು ಹಾಕಿತು. ಆ ಹರಾಜಿನ ಕ್ಯಾಟಲಾಗ್ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. ಒಡವೆಗೆ ಆ ಕ್ಯಾಟಲಾಗಿನ ನಂಬರ್ ಇದ್ದು, ಚಿತ್ರಕ್ಕೂ ಒಡವೆಗೂ ತಾಳೆಯಾದರೆ ಬೆಲೆ ಮೇಲಕ್ಕೆ ಹೋಗುತ್ತದೆ.

ಈ ಹೆಸರುಗಳನ್ನು ಕೇಳಿ: ಲೀಕ್ಯಾ ಡೆಯುಸೆ, ಟೆಡ್ಡಿ ವೀಯಾಕಿ, ಲಿಯೊ ಪೊಬ್ಲಾನೊ, ಲ್ಯಾಂಬರ್ಟ್ ಹೋಮರ್, ಡ್ಯಾನ್ ಸಿಂಪ್ಲಿಸಿಯೊ, ಫ್ರ್ಯಾಂಕ್ ವಾಸಿಟ್. ನಮ್ಮಲ್ಲಿ ವೀಣೆ ಶೇಷಣ್ಣ ಅಂದರೆ ಹೇಗೆ ಕಿವಿ ನಿಮಿರುತ್ತದೋ ಹಾಗೆ ಈ ಹೆಸರುಗಳು ಸಂಗ್ರಹಕಾರರಿಗೆ. ಲೀಕ್ಯಾ 1966ರಲ್ಲಿ ತೀರಿಕೊಂಡ. ನೀಲಿ ಕಲ್ಲಿನಲ್ಲಿ ಎಲೆ, ಕರಡಿ ಕೆತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ನನ್ನ ಅಭಿಪ್ರಾಯ. ಅವನ ಕರಡಿಗೆ ಬೆನ್ನು ತುಂಬಿಕೊಂಡಿರುತ್ತದೆ, ತೂಕ ಇರುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಕಲ್ಲಿನಲ್ಲಿ ಆ ಜೀವ ಬರುವುದು ಸಣ್ಣ ಮಾತಲ್ಲ.

ಆದರೆ ನೋಡಿ, ಲೀಕ್ಯಾ ಕೆತ್ತಿದ ಕಲ್ಲುಗಳನ್ನು ಬೆಳ್ಳಿಯಲ್ಲಿ ಕೂರಿಸಿದವರು ಎಷ್ಟೋ ಸಲ ಬೇರೆಯವರು. ಅವರಲ್ಲಿ ನವಾಹೊ ಅಕ್ಕಸಾಲಿಗಳೂ ಇದ್ದರು. ಒಂದೇ ಕಡಗದಲ್ಲಿ ಎರಡು ಜನಾಂಗದ ಕೈ. ಇನ್ನೊಂದು ಗೋಜಲು: ಅವನ ಮಗ ರಾಬರ್ಟ್ ಲೀಕ್ಯಾ ಕೂಡ ಒಡವೆ ಮಾಡಿದವನು. ಹಾಗಾಗಿ ಬೆನ್ನ ಮೇಲೆ "ಲೀಕ್ಯಾ" ಅಂತ ಮುದ್ರೆ ಕಂಡ ಕೂಡಲೇ ಹಿರಿಯ ಲೀಕ್ಯಾ ಅಂತ ಹಿಗ್ಗಬೇಡಿ. ಮನೆತನದ ಹೆಸರು ಅದು. ಗಂಡ ಹೆಂಡತಿ ಇಬ್ಬರ ಹೆಸರಿನ ಮೊದಲಕ್ಷರ ಸೇರಿಸಿ ಒಂದೇ ಮುದ್ರೆ ಮಾಡಿಸಿಕೊಂಡ ಮನೆಗಳೂ ಇವೆ. ತಾಯಿಯ ಮುದ್ರೆಯನ್ನು ಮಕ್ಕಳು ಮುಂದುವರಿಸಿದ ಮನೆಗಳೂ ಇವೆ. ಅದರಲ್ಲಿ ಮೋಸ ಇಲ್ಲ. ಮುದ್ರೆ ಮನೆಯದು ಅಂತ ಅವರು ತಿಳಿದಿದ್ದಾರೆ. ಒಬ್ಬನೇ ಕಲಾವಿದ, ಒಂದೇ ಸಹಿ ಅನ್ನುವುದು ಕೊಳ್ಳುವವರ ಆಸೆ.

ಈಗ ನನ್ನ ತಪ್ಪು ಹೇಳುತ್ತೇನೆ. ಕೆಲಸ ಶುರು ಮಾಡಿದ ಎರಡನೇ ವರ್ಷ. ವಯಸ್ಸಾದ ಒಬ್ಬ ಹೆಂಗಸು ಕಡಗ ತಂದರು. ನೀಲಿ ಕಲ್ಲಿನ ಎಲೆಗಳು, ಬಹಳ ಚಂದ. ಮುದ್ರೆ ಇರಲಿಲ್ಲ. ಜೊತೆಗೆ ಮಾರಿದ ಅಂಗಡಿಯ ಚೀಟಿ ಇತ್ತು, ಅದರಲ್ಲಿ ಲೀಕ್ಯಾ ಡೆಯುಸೆ ಅಂತ ಬರೆದಿತ್ತು. ಕೆಲಸ ನೋಡಿದರೆ ಹೌದು ಅನ್ನಿಸಿತು. ನಾನು ವರದಿಯಲ್ಲಿ ಹೆಸರು ಬರೆದೆ, ಹೆಸರಿಗೆ ತಕ್ಕ ಬೆಲೆಯನ್ನೂ ಬರೆದೆ. ಅವರು ಆ ಬೆಲೆಗೆ ಇನ್ಶೂರೆನ್ಸ್ ಮಾಡಿಸಿ ಆರು ವರ್ಷ ಪ್ರೀಮಿಯಂ ಕಟ್ಟಿದರು. ಗಂಡನ ಆಸ್ಪತ್ರೆ ಖರ್ಚಿಗೆ ಮಾರಲು ಹೋದಾಗ ಹರಾಜಿನವರು ಕೇಳಿದರು, ಈ ಹೆಸರಿಗೆ ಆಧಾರ ಏನು? ಅಂಗಡಿಯ ಚೀಟಿ, ಮತ್ತು ನನ್ನ ವರದಿ. ನನ್ನ ವರದಿಗೆ ಆಧಾರ ಅದೇ ಚೀಟಿ. ಹೆಸರಿಲ್ಲದ ಕಡಗ ಅಂತ ಮಾರಾಟವಾಯಿತು. ನಾನು ಬರೆದ ಬೆಲೆಯ ಕಾಲು ಭಾಗ ಕೂಡ ಬರಲಿಲ್ಲ. ನಾನು ತೆಗೆದುಕೊಂಡ ಶುಲ್ಕ ವಾಪಸ್ ಕೊಟ್ಟೆ. ಅದು ಅವರಿಗೆ ಏನೂ ಅಲ್ಲ. ಆ ಹೆಂಗಸಿನ ಮುಖ ನನಗೆ ಇವತ್ತಿಗೂ ನೆನಪಿದೆ.

ಅಂದಿನಿಂದ ವರದಿಯಲ್ಲಿ ಮೂರು ತರಹದ ಮಾತು ಬಳಸುತ್ತೇನೆ. ಆಧಾರ ಗಟ್ಟಿ ಇದ್ದರೆ "ಇಂಥವರದು". ಕೆಲಸ ಹೋಲುತ್ತದೆ, ಆಧಾರ ಸಾಲದು ಅಂದರೆ "ಇಂಥವರ ಕೆಲಸವನ್ನು ಹೋಲುತ್ತದೆ". ಉಳಿದದ್ದೆಲ್ಲ "ಜೂನಿ, ಮಾಡಿದವರ ಹೆಸರು ತಿಳಿಯದು". ಮೂರನೆಯದು ಬರೆದಾಗ ಕೆಲವರಿಗೆ ಬೇಜಾರಾಗುತ್ತದೆ. ಅಂಗಡಿಯವರಂತೂ ಎರಡು ಸಲ ನನ್ನ ಜೊತೆ ಜಗಳ ಮಾಡಿದ್ದಾರೆ. ಆದರೂ ಒಂದು ಮನೆಯವರು ಮಾಡಿದ ಕೆಲಸವನ್ನು ಇನ್ನೊಂದು ಮನೆಯ ಹೆಸರಿಗೆ ಬರೆಯುವ ಹಕ್ಕು ನನಗಿಲ್ಲ.

ಹೆಸರು ಸಿಗದಿದ್ದರೂ ಕಾಲವನ್ನು ಒಡವೆಯೇ ಹೇಳುತ್ತದೆ. ಅದಕ್ಕೆ ತಿರುಗಿಸಿ ಬೆನ್ನು ನೋಡಬೇಕು. ಮುಂಭಾಗ ಕೊಳ್ಳುವವರಿಗಾಗಿ ಮಾಡಿದ್ದು. ಬೆನ್ನಿನಲ್ಲಿ ಕೆಲಸಗಾರ ಸಿಗುತ್ತಾನೆ. ಹಳೆಯ ಕಾಲದಲ್ಲಿ ಮೆಕ್ಸಿಕೋದ ಪೆಸೊ, ಅಮೆರಿಕದ ನಾಣ್ಯ ಕರಗಿಸಿ, ಗಟ್ಟಿ ಮಾಡಿ, ಬಡಿದು ತಗಡು ಮಾಡುತ್ತಿದ್ದರು. ಅಂಥ ಬೆಳ್ಳಿಯ ದಪ್ಪ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಕೆಲವು ಕಡೆ ಮಡಿಕೆ ಬಿದ್ದ ಸಣ್ಣ ಗೆರೆ ಕಾಣುತ್ತದೆ. ಆಮೇಲೆ ಕಾರ್ಖಾನೆಯ ತಗಡು ಬಂತು, ದಪ್ಪ ಸಮವಾಯಿತು. ಬ್ರೋಚಿನ ಸೂಜಿ ಸಿಕ್ಕಿಸುವ ಕೊಕ್ಕೆಯನ್ನು ಕೈಯಲ್ಲೇ ಬಗ್ಗಿಸಿದ್ದಾರೋ, ಅಂಗಡಿಯಿಂದ ತಂದ ತಿರುಗುವ ಕೊಕ್ಕೆ ಬೆಸೆದಿದ್ದಾರೋ ನೋಡಿ. ಕಲ್ಲಿನ ಸುತ್ತ ಗರಗಸದ ಹಲ್ಲಿನಂಥ ಬೆಳ್ಳಿಯ ಅಂಚು ಇದ್ದರೆ ಭೂತಗನ್ನಡಿ ಹಿಡಿಯಿರಿ. ಅರದಿಂದ ಉಜ್ಜಿದ ಹಲ್ಲುಗಳು ಒಂದಕ್ಕೊಂದು ಸ್ವಲ್ಪ ಬೇರೆ ಇರುತ್ತವೆ. ಯಂತ್ರದ ಪಟ್ಟಿಯಲ್ಲಿ ಎಲ್ಲವೂ ಒಂದೇ ಅಚ್ಚು.

ಇಲ್ಲಿ ನಮ್ಮವರು ಒಂದು ತಪ್ಪು ಮಾಡುತ್ತಾರೆ. ಊರಲ್ಲಿ ಹಾಲ್‌ಮಾರ್ಕ್ ನೋಡಿ ಕೊಂಡು ಅಭ್ಯಾಸ. ಇಲ್ಲಿ ಬೆಳ್ಳಿಯ ಶುದ್ಧತೆ ಹೇಳುವ "ಸ್ಟರ್ಲಿಂಗ್" ಮುದ್ರೆ ಇಲ್ಲದ ಹಳೆಯ ಉಂಗುರ ಕಂಡರೆ ನಕಲಿ ಅಂದುಕೊಳ್ಳುತ್ತಾರೆ. ನಿಜವಾಗಿ ತುಂಬ ಹಳೆಯ ಕೆಲಸದಲ್ಲಿ ಆ ಮುದ್ರೆ ಇರುವುದೇ ಅಪರೂಪ. ಅಪ್ಪನ ಒರೆಗಲ್ಲು ನನ್ನ ಹತ್ತಿರ ಇದೆ, ಈಗಲೂ ಬಳಸುತ್ತೇನೆ. ಬೆಳ್ಳಿ ಹೌದೋ ಅಲ್ಲವೋ ಅಂತ ಅದು ಹೇಳುತ್ತದೆ. ಯಾವ ಕಾಲದ ಬೆಳ್ಳಿ ಅಂತ ಹೇಳುವುದಿಲ್ಲ.

ಕಲ್ಲು ಕೂಡ ಸಾಕ್ಷಿ. ಅರಿಜೋನಾದ ಗ್ಲೋಬ್ ಊರಿನ ಹತ್ತಿರ ಸ್ಲೀಪಿಂಗ್ ಬ್ಯೂಟಿ ಗಣಿ ಇತ್ತು. ಅಲ್ಲಿನ ಕಲ್ಲು ತಿಳಿ ಆಕಾಶದ ನೀಲಿ, ಹೆಚ್ಚಾಗಿ ಗೆರೆ ಇರುವುದಿಲ್ಲ. ನೀಡಲ್‌ಪಾಯಿಂಟ್ ಮಾಡುವವರಿಗೆ ಅದು ಬಹಳ ಇಷ್ಟವಾಯಿತು. 73 ಕಲ್ಲಿಗೆ ಒಂದೇ ಬಣ್ಣ ಹೊಂದಿಸುವುದು ಸುಲಭ ಅಲ್ವಾ? ಆದರೆ ಅದು ಹೆಚ್ಚಾಗಿ ಬಳಕೆಗೆ ಬಂದದ್ದು 1970ರ ದಶಕದಿಂದ ಈಚೆಗೆ. 2012ರಲ್ಲಿ ಅಲ್ಲಿ ನೀಲಿ ಕಲ್ಲು ತೆಗೆಯುವುದು ನಿಂತಿತು, ಬೆಲೆ ಏರಿತು. ಅಂಥ ಕಲ್ಲು ತುಂಬಿದ ಒಡವೆಯನ್ನು 1930ರ ದಶಕದ್ದು ಅಂತ ಹೇಳಿದರೆ ನಾನು ತಕ್ಷಣ ಹಿಂದೆ ಸರಿಯುತ್ತೇನೆ. ಹಳೆಯ ಕೆಲಸದಲ್ಲಿ ನೆವಾಡಾದ ಬ್ಲೂ ಜೆಮ್, ಲೋನ್ ಮೌಂಟನ್ ಗಣಿಗಳ ಕಲ್ಲು ಸಿಗುತ್ತದೆ. ಬಣ್ಣ ಆಳ, ಕೆಲವು ಕಲ್ಲು ಮೈಯ ಎಣ್ಣೆ ಹೀರಿ ಹಸಿರಿಗೆ ತಿರುಗಿರುತ್ತವೆ. ಆ ಹಸಿರು ದೋಷ ಅಲ್ಲ. ಆದರೂ ಗಣಿಯ ಹೆಸರನ್ನು ಬರಿಗಣ್ಣಲ್ಲಿ ಖಚಿತವಾಗಿ ಹೇಳುವವರನ್ನು ನಾನು ಪೂರ್ತಿ ನಂಬುವುದಿಲ್ಲ. ಒಂದೇ ಗಣಿಯಲ್ಲಿ ಹತ್ತು ಬಣ್ಣದ ಕಲ್ಲು ಸಿಗುತ್ತದೆ.

ಪ್ಲಾಸ್ಟಿಕ್ ಗುರುತಿಸಲು ಸುಲಭದ ದಾರಿ ಕೆನ್ನೆ. ಕಲ್ಲು ಕೆನ್ನೆಗೆ ತಣ್ಣಗೆ ತಾಗುತ್ತದೆ, ಪ್ಲಾಸ್ಟಿಕ್ ಬೆಚ್ಚಗೆ. ಆದರೆ ಜೆಟ್ ವಿಷಯದಲ್ಲಿ ಇದು ಕೈ ಕೊಡುತ್ತದೆ. ಜೆಟ್ ಕಲ್ಲಿದ್ದಲಿನ ಜಾತಿ, ಹಗುರ, ಅದೂ ಬೆಚ್ಚಗೇ ಇರುತ್ತದೆ. ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಪರೀಕ್ಷೆ ಮಾಡುವ ನೆಪದಲ್ಲಿ ಒಡವೆ ಹಾಳಾಗುತ್ತದೆ. ನಾನು ನೇರಳೆ ದೀಪ ಬಳಸುತ್ತೇನೆ, ಯುವಿ ಟಾರ್ಚ್. ಎಪಾಕ್ಸಿ ಅನ್ನುವ, ಆಮೇಲಿನ ಕಾಲದ ಅಂಟು ಅದರ ಕೆಳಗೆ ಹೆಚ್ಚಾಗಿ ಹೊಳೆಯುತ್ತದೆ. 1930ರ ದಶಕದ್ದು ಅಂತ ಹೇಳಿದ ಮೊಸಾಯಿಕ್ ಪೂರ್ತಿ ಹೊಳೆದರೆ ಅದು ಆಮೇಲಿನ ಕೆಲಸ. ಒಂದು ಮೂಲೆ ಮಾತ್ರ ಹೊಳೆದರೆ ಆ ಮೂಲೆಯ ಕಲ್ಲು ಬಿದ್ದು ಯಾರೋ ಮತ್ತೆ ಕೂರಿಸಿದ್ದಾರೆ. ಎರಡಕ್ಕೂ ಬೆಲೆಯ ಲೆಕ್ಕ ಬೇರೆ. ಚೆನ್ನಾಗಿ ಮಾಡಿದ ಹಳೆಯ ರಿಪೇರಿಗೆ ನಾನು ಜಾಸ್ತಿ ಕಳೆಯುವುದಿಲ್ಲ. ಬಣ್ಣ ಹೊಂದದ ಕಲ್ಲು ತುರುಕಿದ್ದರೆ ಕಳೆಯುತ್ತೇನೆ.

ಕಂದು ಹಳದಿ ಮಿಶ್ರ ಬಣ್ಣದ, ಬೆಳಕು ಹಾಯುವ ಚೂರು ಕಂಡರೆ ಅದು ಆಮೆ ಚಿಪ್ಪು ಇರಬಹುದು. ಕಡಲಾಮೆಯ ಚಿಪ್ಪು. ಮೊದಲು ಬಳಸುತ್ತಿದ್ದರು. ಈಗ ಅಂಥ ಒಡವೆಯನ್ನು ರಾಜ್ಯದ ಗಡಿ ದಾಟಿಸಿ ಮಾರುವುದು, ದೇಶದ ಹೊರಗೆ ಒಯ್ಯುವುದು ಕಾನೂನಿನ ತೊಡಕು. ಊರಿಗೆ ಹೋಗುವಾಗ ಅತ್ತಿಗೆಗೋ ನಾದಿನಿಗೋ ಕೊಡಲು ಸೂಟ್‌ಕೇಸಿನಲ್ಲಿ ಇಡುವ ಮೊದಲು ಯಾರಿಗಾದರೂ ತೋರಿಸಿ.

ಇನ್ನು ನಕಲಿ. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. 2015ರ ಅಕ್ಟೋಬರಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆಯ ಅಧಿಕಾರಿಗಳು ನ್ಯೂ ಮೆಕ್ಸಿಕೋದ ಅಂಗಡಿಗಳ ಮೇಲೆ ದಾಳಿ ಮಾಡಿದರು. ಫಿಲಿಪ್ಪೀನ್ಸ್‌ನಲ್ಲಿ ಮಾಡಿಸಿದ ಇನ್ಲೇ ಒಡವೆಗಳನ್ನು ಇಲ್ಲಿನ ಮೂಲನಿವಾಸಿಗಳದ್ದು ಅಂತ ಮಾರುತ್ತಿದ್ದರು. 2018ರಲ್ಲಿ ಒಬ್ಬ ವ್ಯಾಪಾರಿಗೆ ಆರು ತಿಂಗಳ ಜೈಲಾಯಿತು. ಕಾನೂನು ಗಟ್ಟಿಯಾಗಿಯೇ ಇದೆ. 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೂ ಒಬ್ಬ ವ್ಯಕ್ತಿಗೆ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಸೆರೆ ಆಗಬಹುದು. ಆದರೆ ಜೂನಿಯಲ್ಲಿ ಅಡುಗೆ ಮನೆಯ ಪಕ್ಕದ ಕೋಣೆಯಲ್ಲಿ ಕೂತು ಕಲ್ಲು ಉಜ್ಜುವ ಹೆಂಗಸಿಗೆ ಕಾನೂನು ಬಂದು ಮುಟ್ಟುವ ಹೊತ್ತಿಗೆ ಅವಳ ಉಂಗುರದ ಅರ್ಧ ಬೆಲೆಗೆ ನಕಲಿ ಉಂಗುರ ಮಾರಾಟವಾಗಿರುತ್ತದೆ.

ಫಿಲಿಪ್ಪೀನ್ಸ್‌ನ ಕೆಲಸಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯೂ ಚೆನ್ನಾಗಿದೆ, ಅವರ ಊರಿನ ಹೆಸರಲ್ಲೇ ಮಾರಲಿ. ಹೊರದೇಶದಿಂದ ಬಂದ ಈ ಮಾದರಿಯ ಒಡವೆಯ ಮೇಲೆ ದೇಶದ ಹೆಸರನ್ನು ಅಳಿಸಲಾಗದ ಹಾಗೆ ಒತ್ತಿರಬೇಕು ಅಂತ ನಿಯಮವೇ ಇದೆ. ಬೆನ್ನ ಮೇಲೆ ಏನನ್ನೋ ಉಜ್ಜಿ ತೆಗೆದ ಹಾಗೆ ಒಂದು ಜಾಗ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ನನಗೆ ಅಲ್ಲೇ ಅನುಮಾನ. ಕೊಳ್ಳುವಾಗ ಬಿಲ್ಲಿನಲ್ಲಿ ಮಾಡಿದವರ ಹೆಸರು, ಜನಾಂಗ, ಕಲ್ಲಿನ ಗುಣ ಬರೆದುಕೊಡಿ ಅಂತ ಕೇಳಿ. ಒಳ್ಳೆಯ ವ್ಯಾಪಾರಿ ಖುಷಿಯಿಂದ ಬರೆಯುತ್ತಾನೆ. "ಗಿರವಿಯಲ್ಲಿ ಬಿಡಿಸದೇ ಉಳಿದ ಹಳೆ ಒಡವೆ" ಅನ್ನುವ ಮಾತಿಗೂ ಮರುಳಾಗಬೇಡಿ. ನಿಜವಾದ ಗಿರವಿ ಒಡವೆಗೆ ಚೀಟಿ ಕಟ್ಟಿರುತ್ತದೆ. ಚೀಟಿ ಇಲ್ಲದ ಗಿರವಿ ಬರೀ ಮಾತು.

ಬೆಲೆ ಎಷ್ಟು ಅಂತ ಕೇಳುವವರಿಗೆ ನಾನು ತಿರುಗಿ ಕೇಳುತ್ತೇನೆ: ಯಾತಕ್ಕೆ? ಕಳೆದುಹೋದರೆ ಅಂಥದ್ದೇ ಇನ್ನೊಂದನ್ನು ಅಂಗಡಿಯಲ್ಲಿ ಕೊಳ್ಳಲು ಎಷ್ಟು ಬೇಕು ಅನ್ನುವುದು ಇನ್ಶೂರೆನ್ಸ್ ಬೆಲೆ. ಅದು ಎಲ್ಲಕ್ಕಿಂತ ಜಾಸ್ತಿ. ಆತುರ ಇಲ್ಲದ ಮಾರುವವರು, ತಿಳಿದು ಕೊಳ್ಳುವವರು ಒಪ್ಪುವ ಬೆಲೆ ಇನ್ನೊಂದು, ತೆರಿಗೆಗೆ, ಆಸ್ತಿ ಪಾಲಿಗೆ ಅದು ಬೇಕು. ಮ್ಯೂಸಿಯಂಗೆ ದಾನ ಕೊಟ್ಟು 5,000 ಡಾಲರ್‌ಗಿಂತ ಜಾಸ್ತಿ ತೆರಿಗೆ ವಿನಾಯಿತಿ ಕೇಳಿದರೆ ಅರ್ಹ ಬೆಲೆಗಾರರ ವರದಿ ಬೇಕೇ ಬೇಕು. ನಾಳೆಯೇ ಅಂಗಡಿಗೆ ಕೊಟ್ಟರೆ ಸಿಗುವುದು ಮೂರನೆಯ ಬೆಲೆ, ಎಲ್ಲಕ್ಕಿಂತ ಕಡಿಮೆ. ಇನ್ಶೂರೆನ್ಸ್ ಕಾಗದ ಹಿಡಿದು ಮಾರಲು ಹೋಗಿ ಅತ್ತವರನ್ನು ನೋಡಿದ್ದೇನೆ. ಬೆಲೆ ಕಟ್ಟುವವರೇ "ನಾನೇ ಕೊಳ್ಳುತ್ತೇನೆ" ಅಂದರೆ ಎದ್ದು ಬನ್ನಿ. ಬೆಲೆಯಲ್ಲಿ ಶೇಕಡಾ ಇಷ್ಟು ಶುಲ್ಕ ಅಂದರೂ ಎದ್ದು ಬನ್ನಿ. ಬೆಲೆ ಜಾಸ್ತಿ ಬರೆದಷ್ಟೂ ಅವರಿಗೆ ಲಾಭ ಅಲ್ವಾ?

ಮಾತು ಮುಗಿದ ಮೇಲೆ ಹಲವರು ಒಡವೆ ತೋರಿಸಿದರು. ಎಲ್ಲವನ್ನೂ ಬರೆಯುವುದಿಲ್ಲ, ಒಂದನ್ನು ಬರೆಯುತ್ತೇನೆ. ಗ್ರಾಂ ಕೇಳಿದ್ದ ಅದೇ ಅಮ್ಮ ಕೊನೆಯಲ್ಲಿ ಬಂದರು. ಕರ್ಚೀಫಿನಲ್ಲಿ ಸುತ್ತಿದ ಸಣ್ಣ ಪದಕ. ಸೂರ್ಯನ ಮುಖ, ನೀಲಿ, ಕಪ್ಪು, ಬಿಳಿ, ಕೆಂಪು. 1981ರಲ್ಲಿ ಯಜಮಾನರು ಗ್ಯಾಲಪ್‌ನಲ್ಲಿ ಕೊಂಡದ್ದಂತೆ. ಬಿಲ್ಲು ಹೋಗಿದೆ. ಬೆನ್ನ ಮೇಲೆ ಎರಡು ಅಕ್ಷರದ ಮುದ್ರೆ, ಒಂದು ಸವೆದಿದೆ. ಬಿಳಿ ಚಿಪ್ಪಿನ ಒಂದು ಅಂಚು ಚೂರು ಒಡೆದಿದೆ. ಕೆಲಸ ಒಳ್ಳೆಯದು, ಕಲ್ಲಿನ ಸೇರುವೆಯಲ್ಲಿ ಕೂದಲು ತೂರುವುದಿಲ್ಲ.

"ಸೋಪು ನೀರಿನಲ್ಲಿ ಉಜ್ಜಿ ಹೊಳಪು ಮಾಡಲೇನಮ್ಮಾ?" ಅಂತ ಕೇಳಿದರು. ಬೇಡ ಅಂದೆ. ನೆನೆಸಬೇಡಿ, ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಬೇಡಿ, ಅಂಗಡಿಯವರ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಬೇಡಿ. ಚಿಪ್ಪು, ನೀಲಿ ಕಲ್ಲು, ಅಂಟು ಮೂರೂ ತಡೆಯುವುದಿಲ್ಲ. ಮೆತ್ತನೆಯ ಒಣ ಬಟ್ಟೆ ಸಾಕು. ಗೆರೆಗಳಲ್ಲಿ ಕೂತ ಕಪ್ಪು ಹಾಗೇ ಇರಲಿ.

ಅವರು ಮಗಳಿಗೆ ಕೊಡಬೇಕು ಅಂತಿದ್ದಾರೆ. ಹಾಗಾದರೆ ಯಜಮಾನರು ಯಾವ ವರ್ಷ, ಯಾವ ಊರಲ್ಲಿ ಕೊಂಡರು, ಜೊತೆಗೆ ಯಾರಿದ್ದರು, ಎಲ್ಲ ನಿಮ್ಮ ಕೈಯಲ್ಲೇ ಬರೆದು, ತಾರೀಖು ಹಾಕಿ, ಡಬ್ಬಿಯಲ್ಲಿಡಿ ಅಂದೆ. ಅಲ್ಲೇ ಕೂತು ನನ್ನ ಪೆನ್ನು ಇಸಕೊಂಡು ಬರೆದರು. ನಾನು ಪದಕದ ಬೆನ್ನಿನ ಫೋಟೋ ತೆಗೆದುಕೊಂಡೆ. ಮುಂದಿನ ತಿಂಗಳು ಜೂನಿಗೆ ಹೋಗುವುದಿದೆ. ಆ ಸವೆದ ಅಕ್ಷರ ಯಾವುದು ಅಂತ ಅಲ್ಲಿನ ಹಿರಿಯರನ್ನು ಕೇಳಿ ನೋಡುತ್ತೇನೆ.